ಗೋಡೆ ಕೇಳಲೆಂದು

ತಿರಾನಾ
೧೨ ಮಾರ್ಚ್ ೨೦೧೮

ದಿಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಕೆಂದು ನಿನಗೆ ಅನ್ನಿಸಿರುತ್ತದೆ. ಹಾಕು, ಆದರೆ ಓದಿ ಹಾಕು. ಫೋನು ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀಯ. ಅದಕ್ಕೇ ಶ್ಕೋದ್ರಾ ವ್ಯಾನಿನ ಚಾಲಕನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಇಪ್ಪತ್ತೈದು ವರ್ಷದ ಹಿಂದೆ ನಿನ್ನ ಬಾಗಿಲಿಗೆ ಬಂದಾಗ ನೀನು ಒಳಗೆ ಬಿಡಲಿಲ್ಲ. ಆಮೇಲೆ ನಾನೂ ಬರಲಿಲ್ಲ. ಈಗ ಬರೆಯುತ್ತಿರುವುದು ಕ್ಷಮೆ ಕೇಳಲಿಕ್ಕಲ್ಲ. ಒಂದು ವಿಷಯ ನಿನಗೆ ತಿಳಿಯಲೇಬೇಕು.

ಅಮ್ಮನ ದನಿ ಕೇಳಿದೆ.

ಇಲ್ಲಿ ಊರ ನಡುವೆ, ಚರ್ಚಿನ ಎದುರಿಗೆ, ಗೋಡೆ ತುಂಬ ಬಳ್ಳಿ ಹಬ್ಬಿದ ಮನೆಯೊಂದಿದೆ. ಸಿಗುರಿಮಿಯ ಗುಪ್ತ ಪೊಲೀಸರು ಜನ ಮನೆಯೊಳಗೆ ಆಡುವ ಮಾತನ್ನು ಕದ್ದು ಕೇಳುತ್ತಿದ್ದ ಜಾಗ. ಆ ಕಾಲದಲ್ಲಿ ನಾವು ಅದರ ಹತ್ತಿರ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದೆವು. ಈಗ ಅದು ಮ್ಯೂಸಿಯಂ. ಔಷಧದಂಗಡಿಯಲ್ಲಿ ನನ್ನ ಜೊತೆ ದುಡಿದು ನಿವೃತ್ತರಾದ ನಾಲ್ಕಾರು ಹೆಂಗಸರು ತಿಂಗಳಿಗೊಮ್ಮೆ ಎಲ್ಲಾದರೂ ಸುತ್ತಾಡಿ ಕಾಫಿ ಕುಡಿಯುತ್ತೇವೆ. ಈ ಸಲ ನೆವ್ರಿಯೆ ಅಲ್ಲಿಗೆ ಎಳೆದುಕೊಂಡು ಹೋದಳು. ಬಾಗಿಲಲ್ಲಿ ಟಿಕೆಟ್ ಕೊಳ್ಳುವಾಗ, "ಆಗ ಪುಕ್ಕಟೆ ಕರ್ಕೊಂಡ್ ಬರ್ತಿದ್ರು, ಈಗ ದುಡ್ಡು ಕೊಟ್ಟು ನಾವೇ ಬರ್ತಿದೀವಿ ನೋಡು" ಅಂದಳು. ಟಿಕೆಟ್ ಹರಿಯುವ ಹುಡುಗಿಯೂ ನಕ್ಕಳು.

ಒಳಗೆ ಪೊರಕೆಯ ಹಿಡಿ, ಕುರ್ಚಿಯ ಕಾಲು, ದೀಪದ ಬುಡ. ಅವುಗಳಲ್ಲಿ ಅಡಗಿಸುತ್ತಿದ್ದ ಪುಟ್ಟ ಮೈಕುಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಎಲ್ಲರೂ ತಮ್ಮ ತಮ್ಮ ಮನೆಯ ಕುರ್ಚಿಗಳನ್ನು ನೆನೆಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಮಹಡಿಯ ಕೋಣೆಯಲ್ಲಿ ಹಳೆಯ ಟೇಪುಗಳನ್ನು ಕೇಳಿಸುತ್ತಾರೆ. ಗೋಡೆಗೆ ಸಾಲಾಗಿ ಹೆಡ್‌ಫೋನುಗಳು. ಒಂದರ ಕೆಳಗೆ ಹೀಗೆ ಬರೆದಿತ್ತು: ಉತ್ತರದ ಒಂದು ಪಟ್ಟಣ, ಒಂದು ಅಡುಗೆಮನೆ, ೧೯೭೯. ಮಾತಾಡುತ್ತಿರುವ ಹೆಂಗಸು ಯಾರೆಂದು ತಿಳಿದಿಲ್ಲ, ಗುರುತು ಹತ್ತಿದವರು ತಿಳಿಸಿ.

ಮೊದಲು ಪಾತ್ರೆಯ ಸದ್ದು, ಆಮೇಲೆ ಕೆಮ್ಮು. ಕೆಮ್ಮಿದ್ದಕ್ಕೆ ತಾನೇ ಬೇಸರಪಟ್ಟುಕೊಂಡವಳ ಹಾಗೆ ಗಂಟಲು ಸರಿಮಾಡಿಕೊಳ್ಳುವುದು ನಿನಗೂ ನೆನಪಿರಬೇಕು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಮಾತು. ಬರೆದುಕೊಂಡು ಬರಲಿಲ್ಲ, ಆದರೆ ಒಂದಕ್ಷರವನ್ನೂ ಮರೆತಿಲ್ಲ.

"ನನಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ತಿರಾನಾದಲ್ಲಿರುವವಳು ನನ್ನ ಪಾಲಿಗೆ ಸತ್ತುಹೋಗಿದ್ದಾಳೆ. ಅವಳು ತನ್ನ ತಂದೆಯನ್ನು ಶತ್ರುವೆಂದು ಕರೆದಳು. ಅವಳಿಗೂ ನಮಗೂ ಯಾವ ಸಂಬಂಧವೂ ಉಳಿದಿಲ್ಲ. ಅವಳು ಪತ್ರ ಬರೆಯುವುದಿಲ್ಲ, ಬರೆದರೂ ನಾನು ಓದುವುದಿಲ್ಲ. ಮನೆಗೆ ಬಂದರೆ ಬಾಗಿಲು ತೆರೆಯುವುದಿಲ್ಲ."

ಅಷ್ಟೇ. ಮತ್ತೆ ಮೊದಲಿಂದ ಪಾತ್ರೆಯ ಸದ್ದು. ನೆವ್ರಿಯೆ ಬಂದು ಭುಜ ಮುಟ್ಟುವವರೆಗೂ ಕೇಳುತ್ತಲೇ ಇದ್ದೆ.

ಅಮ್ಮ ಹೇಳಿದ್ದರಲ್ಲಿ ಸುಳ್ಳೇನಿದೆ. ಅಪ್ಪನನ್ನು ಹಿಡಿದುಕೊಂಡು ಹೋಗಿ ತಿಂಗಳಾಗುವುದರೊಳಗೆ ನಾನು ಆ ಹೇಳಿಕೆಗೆ ಸಹಿ ಹಾಕಿದೆ. ನನ್ನ ತಂದೆ ಲೋರೋ ಜನತೆಯ ಶತ್ರು, ಅವನ ಮನೆಯವರೊಂದಿಗೆ ನನಗೆ ಸಂಬಂಧವಿಲ್ಲ ಎಂದು. ಹಾಕದಿದ್ದರೆ ನನ್ನ ಗಂಡ ಫಾತೋಸನ ಕೆಲಸ ಹೋಗುತ್ತಿತ್ತು, ಮಗ ಆರ್ದಿತ್ ಆಗಿನ್ನೂ ತೊದಲು ಮಾತಿನ ಮಗು. ಇದನ್ನೆಲ್ಲ ನನಗೆ ನಾನೇ ಸಾಕಷ್ಟು ಹೇಳಿಕೊಂಡಿದ್ದೇನೆ, ನಿನಗೆ ಹೇಳುವುದಿಲ್ಲ.

ಮ್ಯೂಸಿಯಮ್ಮಿನ ಬ್ಲೆರ್ತಾ ಎಂಬ ಹುಡುಗಿಗೆ, ಇದು ನನ್ನ ತಾಯಿ ಎಂದೆ. ಆ ಸುರುಳಿಗಳ ಮೇಲೆ ಬರೀ ನಂಬರು ಇರುತ್ತದಂತೆ, ಹೆಸರಿಲ್ಲ. ಮಕ್ಕಳಿಬ್ಬರೂ ಒಪ್ಪಿದರೆ ಉಳಿಸುತ್ತೇವೆ, ಇಲ್ಲವೆಂದರೆ ನಾಳೆಯೇ ತೆಗೆಯುತ್ತೇವೆ ಎಂದಳು. ನಿರ್ಧಾರ ನಿನಗೆ ಬಿಟ್ಟಿದ್ದು. ಅಮ್ಮನ ಕಡೆಗಾಲದವರೆಗೂ ಜೊತೆಗಿದ್ದವಳು ನೀನು. ಒಂದೇ ಮಾತು ಹೇಳುತ್ತೇನೆ, ಅಮ್ಮನ ದನಿ ಈ ಲೋಕದಲ್ಲಿ ಬೇರೆಲ್ಲೂ ಉಳಿದಿಲ್ಲ. ಕದ್ದವರ ಹತ್ತಿರ ಮಾತ್ರ ಉಳಿದಿದೆ. ಒಂದು ಸಲ ಬಂದು ಕೇಳು. ನೀನು ಬರುವ ದಿನ ನಾನು ಆ ಕಡೆ ಸುಳಿಯುವುದಿಲ್ಲ.

ವಿತೋರೆ

*

ಶ್ಕೋದ್ರಾ
೨ ಏಪ್ರಿಲ್ ೨೦೧೮

ವಿತೋರೆ,

ಕಾಗದ ಮುಟ್ಟಿತು. ಚಾಲಕ ಅದನ್ನು ನಾನು ಅಡುಗೆ ಕೆಲಸ ಮಾಡುವ ಕಾನ್ವೆಂಟ್ ಹಾಸ್ಟೆಲಿನ ಅಡುಗೆಮನೆಗೇ ತಂದುಕೊಟ್ಟ, ಸಿಸ್ಟರುಗಳೆಲ್ಲ ಇರುವಾಗ. ಯಾರ ಕಾಗದ ಎಂದು ಕೇಳಿದರು. ತಿರಾನಾದ ಔಷಧದಂಗಡಿಯದು ಎಂದೆ. ಈಸ್ಟರಿನ ಅಡುಗೆ ಮುಗಿಯುವವರೆಗೆ ಅದು ಹಿಟ್ಟಿನ ಡಬ್ಬಿಯ ಹಿಂದೆ ಬಿದ್ದಿತ್ತು.

ಅಮ್ಮ ಆ ಮಾತಾಡಿದ್ದು ನನಗೆ ಗೊತ್ತು. ಅಲ್ಲೇ ಕೂತಿದ್ದೆ. ಒಂದು ದಿನವಲ್ಲ, ಆ ವಸಂತದಲ್ಲಿ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ನೀನು ಓದಲು ತಿರಾನಾಕ್ಕೆ ಹೋದಾಗ ನನಗೆ ಮೂರು ವರ್ಷ, ಆ ಮಾತು ಶುರುವಾದಾಗ ಒಂಬತ್ತು. ನಿನ್ನ ಮುಖಕ್ಕಿಂತ ನಿನ್ನ ಮೇಲಿನ ಸಿಟ್ಟು ನನಗೆ ಹೆಚ್ಚು ಪರಿಚಯ.

ಚಳಿಗಾಲಕ್ಕೆ ಮುಂಚೆ ನಮ್ಮನ್ನು ಗಡೀಪಾರು ಮಾಡಲು ಲಾರಿ ಬಂತು. ಲುಶ್ನ್ಯಾ ಬಯಲಿನಲ್ಲಿ ಕೆಸರು, ಸೊಳ್ಳೆ, ಒಂದೇ ಕೋಣೆಯ ಗುಡಿಸಲು. ಬೆಳಿಗ್ಗೆ ಸಂಜೆ ಹಾಜರಿ. ಕೂಗಿದಾಗ ಇಲ್ಲದಿದ್ದರೆ ಜೈಲು. ಅಮ್ಮ ಕಾಲುವೆ ತೋಡಿದಳು, ಹತ್ತಿ ಬಿಡಿಸಿದಳು. ನನಗೆ ಎಂಟನೆಯ ತರಗತಿಯ ಮುಂದೆ ಶಾಲೆಯಿಲ್ಲ ಎಂದರು, ನಾನೂ ಹತ್ತಿ ಬಿಡಿಸಿದೆ. ಅಪ್ಪ ಗಣಿ ಜೈಲಿನಲ್ಲಿ ಸತ್ತ ಸುದ್ದಿ ನಮಗೆ ತಲುಪಿದ್ದು ಅವನು ಸತ್ತ ಎಷ್ಟೋ ತಿಂಗಳ ಮೇಲೆ. ಅವನ ತಪ್ಪೇನು, ತಾಮ್ರದ ತಂತಿ ಕಾರ್ಖಾನೆಯಲ್ಲಿ ಚೀನೀಯರ ಮಾತನ್ನು ನಮ್ಮವರಿಗೆ ಹೇಳಿದ, ನಮ್ಮವರ ಮಾತನ್ನು ಅವರಿಗೆ ಹೇಳಿದ. ಎರಡು ಸರ್ಕಾರಗಳ ದೋಸ್ತಿ ಮುರಿದು ಚೀನೀಯರು ಊರಿಗೆ ಹೋದರು, ಇವನು ಗೂಢಚಾರನಾದ.

ಅಮ್ಮನ ಎದೆ ಕೆಟ್ಟು ಮಲಗಿದಾಗ ನನಗೆ ಹದಿನಾರು. ತಿರಾನಾಕ್ಕೆ ಹೇಗಾದರೂ ಹೇಳಿ ಕಳಿಸಲಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ಆ ಕಡೆ ತಿರುಗಿ ಮಲಗಿದಳು. ಕೊನೆಯವರೆಗೂ ನಿನ್ನ ಸುದ್ದಿಯೆತ್ತಲಿಲ್ಲ. ಅವಳು ಮನಸ್ಸಿನಲ್ಲಿ ಹಾಗಂದುಕೊಂಡಿರಲಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಬೇಕೆಂದಿದ್ದರೆ, ಆಗುವುದಿಲ್ಲ.

ನಿನಗೆ ತೋಚಿದಂತೆ ಸಹಿ ಮಾಡು. ನಾನು ಬರುವುದಿಲ್ಲ. ಅಪ್ಪನ ದನಿಯೂ ಅಲ್ಲಿದೆಯಾ? ಇದ್ದರೆ ಮಾತ್ರ ಬರೆ.

ದಿಲಾ

*

ತಿರಾನಾ
೯ ಏಪ್ರಿಲ್ ೨೦೧೮

ದಿಲಾ,

ಅಪ್ಪನ ದನಿ ಇಲ್ಲ. ಬ್ಲೆರ್ತಾ ಎರಡು ದಿನ ಹುಡುಕಿದಳು.

ಹುಡುಕುವಾಗ ಒಂದು ಸಂಗತಿ ಗೊತ್ತಾಯಿತು. ಹೆಡ್‌ಫೋನಿನಲ್ಲಿ ಕೇಳಿಸುವುದು ಆ ಸುರುಳಿಯ ಒಂದು ತುಣುಕು ಮಾತ್ರವಂತೆ. ಉಳಿದದ್ದನ್ನು ಹೊರಗಿನವರಿಗೆ ಕೇಳಿಸುವುದಿಲ್ಲ, ಮನೆಯವರು ಬಯಸಿದರೆ ಒಳಗಿನ ಕೋಣೆಯಲ್ಲಿ ಕೂತು ಕೇಳಬಹುದು. ಅದರಲ್ಲಿ ಒಂದು ಮಗುವಿನ ದನಿಯೂ ಇದೆಯಂತೆ.

ಅವಳು ನನ್ನನ್ನು ಕೂರಿಸಿ ಕೇಳಿಸಲು ಹೊರಟಳು. ನಾನು ಬೇಡವೆಂದೆ. ಆ ಊಟದ ಮೇಜಿನಲ್ಲಿ ನಾನಿರಲಿಲ್ಲ. ಮೊದಲು ಕೇಳಬೇಕಾದವಳು ನೀನು.

ವಿತೋರೆ

*

ಶ್ಕೋದ್ರಾ
೨೮ ಮೇ ೨೦೧೮

ವಿತೋರೆ,

ಕಳೆದ ಗುರುವಾರ ಹೋಗಿ ಬಂದೆ. ನಿನಗೆ ತಿಳಿಸಲಿಲ್ಲ. ಹಾಸ್ಟೆಲಿನಲ್ಲಿ ಹಲ್ಲುನೋವು ಎಂದು ಹೇಳಿ ಹೋದೆ.

ಆ ಪೊರಕೆ, ಕುರ್ಚಿಗಳ ಮುಂದೆ ನಾನು ನಿಲ್ಲಲಿಲ್ಲ. ಗಾಜಿನ ಮುಂದೆ ಒಂದು ಜೋಡಿ ನಿಂತು ಫೋಟೋ ತೆಗೆದುಕೊಳ್ಳುತ್ತಿತ್ತು. ಹೊರಟುಹೋಗೋಣ ಅನ್ನಿಸಿತು. ಬ್ಲೆರ್ತಾ ಒಳ್ಳೆಯ ಹುಡುಗಿ. ನನ್ನ ಮುಖ ನೋಡಿ, ನೀವು ವಿತೋರೆಯವರ ತಂಗಿಯಲ್ಲವಾ ಎಂದಳು. ಹಣೆ ಒಂದೇ ಥರವಂತೆ. ಒಳಗಿನ ಕೋಣೆಯಲ್ಲಿ ಕೂರಿಸಿ, ನೀರಿಟ್ಟು, ಬಾಗಿಲು ಹಾಕಿಕೊಂಡು ಹೋದಳು.

ನೀನು ಬರೆದ ಮಾತೆಲ್ಲ ಹಾಗೆಯೇ ಇತ್ತು. ಆದರೆ ನೀನು ಬರೆಯದ ಒಂದು ಸಂಗತಿಯಿದೆ, ಇಷ್ಟು ವರ್ಷ ತಿರಾನಾದಲ್ಲಿದ್ದು ನಿನ್ನ ಕಿವಿಗೆ ಅದು ತಾಗಿರಲಿಕ್ಕಿಲ್ಲ. ಅಮ್ಮ ಅಲ್ಲಿ ನಮ್ಮ ಮಾತು ಆಡುತ್ತಿಲ್ಲ, ರೇಡಿಯೋದ ಭಾಷೆ ಆಡುತ್ತಿದ್ದಾಳೆ. ಒಂದೊಂದೇ ಪದ ಬಿಡಿಸಿ ಬಿಡಿಸಿ, ಶಾಲೆಯಲ್ಲಿ ಕಂಠಪಾಠ ಒಪ್ಪಿಸುವವಳ ಹಾಗೆ. ಅಮ್ಮ ಮನೆಯಲ್ಲಿ ಆ ಭಾಷೆ ಆಡಿದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ? ಅವಳು ಅಪ್ಪನನ್ನು ಹಿಡಿಯಲು ಬಂದ ಪೊಲೀಸರಿಗೇ ಶ್ಕೋದ್ರಾದ ಮಾತಿನಲ್ಲಿ ಬೈದವಳು. ಚಿಕ್ಕವಳಾಗಿದ್ದಾಗ ನಾನು, ದೊಡ್ಡವರಿಗೆ ತುಂಬಾ ಸಿಟ್ಟು ಬಂದರೆ ಹೀಗೆ ಮಾತಾಡುತ್ತಾರೆ ಎಂದುಕೊಂಡಿದ್ದೆ. ನಮ್ಮ ಹೆಡ್‌ಮಿಸ್ಸೂ ಹಾಗೇ ಬೈಯುತ್ತಿದ್ದಳು.

ಆಮೇಲೆ ಮಗು ಮಾತಾಡುತ್ತದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

"ಅಮ್ಮಾ, ಅಕ್ಕ ನಿಜವಾಗ್ಲೂ ಸತ್ತೋದ್ಲಾ?"

ಟೇಪು ಸುತ್ತುವ ಸದ್ದು. ಒಲೆಯಲ್ಲಿ ಏನೋ ಚಟಪಟ ಎನ್ನುತ್ತದೆ. ಸುರುಳಿ ಮುಗಿಯಿತೇನೋ ಎಂದು ನಾನು ಹೆಡ್‌ಫೋನ್ ತೆಗೆಯಲು ಕೈ ಎತ್ತಿದ್ದೆ.

"ತಣ್ಗಾಗತ್ತೆ, ತಿನ್ನು ಪುಟ್ಟಾ."

ಇದು ನಮ್ಮ ಮಾತು, ಅವಳ ನಿಜವಾದ ದನಿ. ಆಮೇಲೆ ಬರೀ ಚಮಚೆಯ ಸದ್ದು.

ನನಗೆ ಈ ಪ್ರಶ್ನೆ ಕೇಳಿದ ನೆನಪೇ ಇಲ್ಲ. ಅವಳು ಹೌದು ಎನ್ನಲಿಲ್ಲ. ಒಂದು ಉಸಿರಿನ ಹಿಂದೆಯಷ್ಟೇ ನೀನು ಸತ್ತೆ ಎಂದವಳು, ನಾನು ಕೇಳಿದರೆ ಹೌದು ಎನ್ನಲಾಗಲಿಲ್ಲ. ಇದಕ್ಕೆ ಏನರ್ಥವೋ ನನಗೆ ಗೊತ್ತಿಲ್ಲ, ನೀನೂ ಅರ್ಥ ಹಚ್ಚಬೇಡ. ಪಕ್ಕದ ಮನೆಯ ಲೂಚೆಯಮ್ಮ ಇಟಲಿಯಲ್ಲಿ ಮಗನ ಹತ್ತಿರ ಇದ್ದವಳು, ಸಾಯುವುದಾದರೆ ಶ್ಕೋದ್ರಾದಲ್ಲೇ ಎಂದು ಹಟ ಹಿಡಿದು ವಾಪಸು ಬಂದಿದ್ದಾಳೆ. ಆಗ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವಳನ್ನು ಕೇಳುತ್ತೇನೆ.

ದಿಲಾ

*

ಶ್ಕೋದ್ರಾ
೪ ಜೂನ್ ೨೦೧೮

ವಿತೋರೆ,

ಲೂಚೆಯಮ್ಮನಿಗೆ ತೊಂಬತ್ತರ ಹತ್ತಿರ. ಕಣ್ಣು ಮಂಜು, ತಲೆ ಚೆನ್ನಾಗಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಅಪ್ಪ ಹೋದ ಮೇಲೆ ನಮ್ಮ ಮನೆಗೆ ವಿದ್ಯುತ್ ಕಚೇರಿಯಿಂದ ಒಬ್ಬ ಬಂದಿದ್ದ. ಕೆಡದ ದೀಪವನ್ನು ರಿಪೇರಿ ಮಾಡಿಕೊಟ್ಟು ಹೋದ. ಅವನು ಲೂಚೆಯಮ್ಮನ ಗಂಡನ ಕಡೆಯ ಹುಡುಗ. ದೀಪದ ಬುಡದಲ್ಲಿ ಮೈಕು ಇಟ್ಟಿದ್ದನ್ನು, ಯಾರಿಗೂ ಹೇಳಬಾರದೆಂದು ಅವಳಿಗೆ ಹೇಳಿದ. ಅವಳು ಬ್ರೆಡ್ಡಿನ ಸಾಲಿನಲ್ಲಿ ಅಮ್ಮನ ಹಿಂದೆ ನಿಂತು ಅಮ್ಮನಿಗೆ ಹೇಳಿದಳು. ಅಮ್ಮ ತಿರುಗಿ ನೋಡಲಿಲ್ಲ. ಬ್ರೆಡ್ಡು ತೆಗೆದುಕೊಂಡು ಹೋದಳು. ಒಂದು ವಾರ ಲೂಚೆಯಮ್ಮನ ಹತ್ತಿರ ಮಾತೇ ಇಲ್ಲ. ಆಮೇಲೊಂದು ದಿನ ಹಿತ್ತಲಿನಲ್ಲಿ ಬಟ್ಟೆ ಹರವುವಾಗ ಬೇಲಿಯ ಹತ್ತಿರ ಬಂದು, "ಲೂಚೆ, ಆ ದೀಪಕ್ಕೆ ಏನ್ ಕೇಳಿದ್ರೂ ತಿರಾನಾಕ್ಕೆ ಹೋಗತ್ತಾ?" ಎಂದು ಕೇಳಿದಳಂತೆ. ನನಗೇನು ಗೊತ್ತು, ಹೋಗಬಹುದು ಎಂದಳಂತೆ ಇವಳು.

"ಹಂಗಾದ್ರೆ ಹೋಗ್ಲಿ. ಅವಳು ಸೈನ್ ಹಾಕಿದ್ದನ್ನ ಅವ್ರು ನಂಬ್ತಾರೋ ಇಲ್ವೋ. ನಾನ್ ಹೇಳಿದ್ರೆ ನಂಬ್ತಾರೆ. ತಾಯಿ ಆದೋಳು ಸುಳ್ಳು ಹೇಳಲ್ಲ ಅಂದ್ಕೋತಾರೆ."

ಅವತ್ತಿನಿಂದ ಶುರು. ಲೂಚೆಯಮ್ಮನಿಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತಂತೆ. ಹೇಳಿ ಮುಗಿಸಿ, ನನ್ನನ್ನು ಮಲಗಿಸಿ, ಹಿಟ್ಟು ಸಾಲ ಕೇಳುವ ನೆವದಲ್ಲಿ ಅವರ ಮನೆಗೆ ಹೋಗಿ ಬಾಗಿಲ ಹಿಂದೆ ಕೂತು ಅಳುತ್ತಿದ್ದಳಂತೆ. ಇಪ್ಪತ್ತು ಸಲ ಹಿಟ್ಟು ಒಯ್ದಳು, ಒಂದು ಸಲವೂ ತಿರುಗಿ ಕೊಡಲಿಲ್ಲ ಎಂದು ಆ ಮುದುಕಿ ನಗುತ್ತಾಳೆ. ನಗುತ್ತಲೇ ಅತ್ತಳು.

ನನಗೇಕೆ ಅಮ್ಮ ಹೇಳಲಿಲ್ಲ ಎಂದು ಕೇಳಿದೆ.

"ನೀನ್ ಮಗು ಕಣೇ. ಶಾಲೇಲಿ ಯಾರಾದ್ರೂ, ಅಕ್ಕನ್ ಮೇಲೆ ಪ್ರೀತಿ ಉಂಟಾ ಅಂತ ಮಿಠಾಯಿ ಕೊಟ್ಟು ಕೇಳಿದ್ರೆ? ದಿಲಾಗೆ ಅವಳ ಮೇಲೆ ನಿಜವಾಗ್ಲೂ ಸಿಟ್ಟು ಬರ್ಲಿ ಲೂಚೆ, ಅದೇ ಗಟ್ಟಿ ಅಂತಿದ್ಲು ನಿಮ್ಮಮ್ಮ ಚಿಚಿಲ್ಯಾ."

ಆಮೇಲಾದರೂ, ಆ ಕಾಲ ಮುಗಿದ ಮೇಲಾದರೂ, ನೀವು ಯಾಕೆ ಹೇಳಲಿಲ್ಲ ಎಂದೆ. ನಾನು ಊರಲ್ಲಿದ್ದೆನಾ ಎಂದಳು. ಒಂದು ಸಲ ಬಂದಾಗ ನಾವಿಬ್ಬರೂ ಮಾತು ಬಿಟ್ಟಿದ್ದು ಗೊತ್ತಾಯಿತಂತೆ. ಎಲ್ಲ ಅಕ್ಕತಂಗಿಯರ ಹಾಗೆ ಮನೆಯ ಪಾಲಿಗೆ ಜಗಳವಾಡಿದ್ದಾರೆ ಎಂದುಕೊಂಡಳಂತೆ.

ಇದು ನಿನಗೆ ಸಂತೋಷದ ಸುದ್ದಿ, ನನಗೆ ಗೊತ್ತು. ಅಮ್ಮ ನಿನ್ನನ್ನು ಶಪಿಸಲಿಲ್ಲ. ಈಗ ನನ್ನ ಕಡೆ ನೋಡು. ನಿನ್ನನ್ನು ಉಳಿಸಲು ಅಮ್ಮ ನನ್ನನ್ನು ಖರ್ಚು ಮಾಡಿದಳು. ಆ ಬಯಲಿನಲ್ಲಿ ಹತ್ತಿ ಬಿಡಿಸುತ್ತಾ ನಿನ್ನನ್ನು ದ್ವೇಷಿಸುವುದೊಂದೇ ನನಗೆ ಇದ್ದ ಕೆಲಸ. ಅದನ್ನು ಅವಳೇ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಬೆಳೆಸಿದ್ದನ್ನು ಪಕ್ಕದಲ್ಲೇ ಕೂತು ನೋಡಿದಳು. ಸಾಯುವಾಗಲೂ, ಇದು ಸುಳ್ಳು ಪುಟ್ಟಾ ಎನ್ನಲಿಲ್ಲ. ಇಬ್ಬರು ಮಕ್ಕಳಲ್ಲಿ ಯಾರನ್ನು ಉಳಿಸಬೇಕೆಂದು ಲೆಕ್ಕ ಹಾಕಿದಳು. ನಾನು ಲೆಕ್ಕದ ಆಚೆ ಬಿದ್ದೆ.

ಸ್ವಲ್ಪ ಕಾಲ ನನಗೆ ಬರೆಯಬೇಡ.

ದಿಲಾ

*

ತಿರಾನಾ
೧೭ ಜೂನ್ ೨೦೧೮

ದಿಲಾ,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಬರೆದು ಸುಮ್ಮನಾಗುತ್ತೇನೆ. ಇದನ್ನು ನನ್ನಲ್ಲಿಟ್ಟುಕೊಂಡರೆ ಮತ್ತೆ ನಿನ್ನ ಪಾಲಿನದನ್ನು ಇಟ್ಟುಕೊಂಡಂತಾಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಫಾತೋಸನನ್ನು ಮೇಲಿನವರು ಕರೆಸಿದ್ದರು. ನಮ್ಮನ್ನೂ ತಿರಾನಾದಿಂದ ಎತ್ತಿ ಎಲ್ಲಾದರೂ ಹಾಕುತ್ತಾರೆಂದು ನಾನು ಆರ್ದಿತ್‌ನ ಉಣ್ಣೆ ಬಟ್ಟೆಗಳನ್ನು ಗಂಟು ಕಟ್ಟಿಟ್ಟಿದ್ದೆ. ಸಂಜೆ ಬಂದವನು ಬೂಟು ಬಿಚ್ಚದೆ ಮಂಚದ ಮೇಲೆ ಕೂತ. ಏನಾಯಿತು ಎಂದರೆ, "ಏನಿಲ್ಲ, ಇರಬಹುದಂತೆ. ಅವ್ರು ವಿಚಾರಿಸಿದಾರೆ. ಆ ಕಡೆಯಿಂದ್ಲೂ ಕತ್ತರಿಸಿ ಹೋಗಿದೆ ಅಂತ ಖಾತ್ರಿ ಆಗಿದೆಯಂತೆ" ಎಂದ. ಯಾರನ್ನು ವಿಚಾರಿಸಿದರು, ಹೇಗೆ ಖಾತ್ರಿಯಾಯಿತು, ನಾನು ಕೇಳಲಿಲ್ಲ. ಗಂಟು ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಇಟ್ಟೆ.

ಇಷ್ಟು ವರ್ಷ ನಾನು ಏನೆಂದು ನಂಬಿದ್ದೆ ಗೊತ್ತೇ. ನನ್ನ ಸಹಿ ಹೊಲಸು, ಆದರೆ ಅದು ನನ್ನ ಮಗುವನ್ನು ಉಳಿಸಿತು. ಆ ಒಂದು ನಂಬಿಕೆಯ ಮೇಲೆ ನಿಂತಿದ್ದೆ. ನನ್ನ ಸಹಿಯನ್ನು ಅವರು ನಂಬಿರಲೇ ಇಲ್ಲ. ಅಮ್ಮನನ್ನು ನಂಬಿದರು.

ನೀನು ನಿನ್ನ ಬಗ್ಗೆ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಅಮ್ಮನ ಪರವಾಗಿ ಮಾತಾಡುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವುದು ನನಗೆ. ಆರ್ದಿತ್‌ಗೆ ಹೇಳಿದೆ. ಅವನಿಗೀಗ ನಲವತ್ತು ದಾಟಿದೆ. ಎದ್ದು ಬಾಲ್ಕನಿಗೆ ಹೋದ. ಬಹಳ ಹೊತ್ತಾದ ಮೇಲೆ ಒಳಗೆ ಬಂದು, "ಆಗ ಚಿಕ್ಕಮ್ಮಂಗೆ ಎಷ್ಟು ವಯಸ್ಸು?" ಎಂದು ಅದೊಂದನ್ನೇ ಕೇಳಿದ.

ವಿತೋರೆ

*

ಶ್ಕೋದ್ರಾ
೧೫ ಅಕ್ಟೋಬರ್ ೨೦೧೮

ಅಕ್ಕ,

ಬೇಸಿಗೆ ಕಳೆಯಿತು. ಮೆಣಸಿನಕಾಯಿ ಸುಟ್ಟು ಬಾಟಲಿಗೆ ತುಂಬಿಸಿದ್ದಾಯಿತು, ಹಾಸ್ಟೆಲಿನ ಹುಡುಗಿಯರು ಮತ್ತೆ ಬಂದಿದ್ದಾಯಿತು. ಬಯಲಿನಿಂದ ಎಲುಬು ತಂದು ಇಲ್ಲಿ ಕಟ್ಟಿಸಿದ ಅಮ್ಮನ ಗೋರಿಯ ಕಡೆ ಇಡೀ ಬೇಸಿಗೆ ನಾನು ತಲೆ ಹಾಕಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು. ನನ್ನ ಮಗಳು ಅನ್ಯೆಜಾ ಹೂವು ಇಟ್ಟು ಬಂದಳು. ಏನಾಯಿತೆಂದು ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದೆ.

ಸಿಟ್ಟು ಹೋಯಿತೆಂದು ಬರೆಯುವುದಿಲ್ಲ. ಆದರೆ ಒಂದು ವಿಷಯ ತಲೆಯಿಂದ ಇಳಿಯುತ್ತಿಲ್ಲ. ನಾನು ಲೆಕ್ಕದ ಆಚೆ ಬಿದ್ದೆ ಎಂದು ನಿನಗೆ ಬರೆದೆನಲ್ಲ, ಅವಳಿಗೆ ಯಾರಿದ್ದರು? ಲೂಚೆಯಮ್ಮನೂ ಶ್ಕೋದ್ರಾದಲ್ಲೇ ಉಳಿದಳು. ಆ ಗುಡಿಸಲಿನಲ್ಲಿ ನಿನ್ನ ಬಗ್ಗೆ ಮಾತಾಡಲು ಅವಳ ಹತ್ತಿರ ಇದ್ದವಳು ನಾನೊಬ್ಬಳೇ. ನಾನು ಬಾಯಿ ತೆರೆದರೆ ನಿನ್ನನ್ನು ಬೈಯುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು. ಒಮ್ಮೆ ಹೊಲದಲ್ಲಿ ನಾನು, ಅಕ್ಕನ ಮಗನಿಗೆ ಜ್ವರ ಬಂದು ಸಾಯಲಿ ಎಂದಿದ್ದೆ. ಅಮ್ಮ ಕೆನ್ನೆಗೆ ಹೊಡೆದಳು. ಹೊಡೆದದ್ದು ಅದೊಂದೇ ಸಲ. ಹೊಲದವರೆಲ್ಲ ನೋಡುತ್ತಿದ್ದರು. ಕೂಡಲೇ, "ಕೆಲ್ಸ ಮಾಡು, ಮಾತು ಸಾಕು" ಎಂದು ಗದರಿದಳು. ನಿಧಾನ ಮಾಡಿದ್ದಕ್ಕೆ ಹೊಡೆದಳು ಎಂದು ನಾನು ತಿಳಿದಿದ್ದೆ.

ಇನ್ನು ಆ ಸುರುಳಿಯ ವಿಷಯ. ತೆಗೆಸಬೇಡ, ಇರಲಿ. ಆದರೆ ಪೂರ್ತಿ ಕೇಳಿಸಲಿ, ಅವಳು ತಿನ್ನು ಎನ್ನುವವರೆಗೂ. ಯಾರೆಂದು ತಿಳಿದಿಲ್ಲ ಎಂಬ ಆ ಸಾಲು ತೆಗೆದು ಹೆಸರು ಹಾಕಿಸು. ಚಿಚಿಲ್ಯಾ, ಲೋರೋನ ಹೆಂಡತಿ, ವಿತೋರೆ ಮತ್ತು ದಿಲಾರ ತಾಯಿ. ಕೆಳಗೆ ಒಂದು ಸಾಲು ಸೇರಿಸಲಿ: ಮೈಕು ಇರುವುದು ಈಕೆಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ಬರೆಯಬಾರದು. ಈ ಮಾತಿಗೆ ನನ್ನ ಸಹಿ ಇರುವ ಕಾಗದ ಒಳಗಿದೆ.

ಸತ್ತವರ ಹಬ್ಬ ನವೆಂಬರ್ ಎರಡಕ್ಕೆ. ಶುಕ್ರವಾರ ಬೀಳುತ್ತದೆ. ಬರುವುದಾದರೆ ಗುರುವಾರದ ವ್ಯಾನಿಗೆ ಬಾ. ಅನ್ಯೆಜಾಳ ಕೋಣೆಯಲ್ಲಿ ಮಂಚ ಇದೆ. ಏನೂ ತರಬೇಡ. ನನ್ನನ್ನು ಹೆಚ್ಚು ಮಾತಾಡಿಸಬೇಡ, ನನಗೆ ನಿನ್ನ ಹತ್ತಿರ ಮಾತಾಡಿ ಅಭ್ಯಾಸವಿಲ್ಲ.

ದಿಲಾ

*

ತಿರಾನಾ
೬ ನವೆಂಬರ್ ೨೦೧೮

ದಿಲಾ,

ಸುಖವಾಗಿ ತಲುಪಿದೆ. ನೀನು ಕೊಟ್ಟ ಮೆಣಸಿನಕಾಯಿಯ ಬಾಟಲಿ ವ್ಯಾನಿನ ಕುಲುಕಾಟಕ್ಕೆ ಒಡೆಯಲಿಲ್ಲ. ನಿನ್ನೆ ಬ್ಲೆರ್ತಾಳ ಹತ್ತಿರ ಹೋಗಿ ಇಬ್ಬರ ಕಾಗದವನ್ನೂ ಕೊಟ್ಟೆ. ಕೊನೆಯ ಸಾಲನ್ನು ಅವಳು ಎರಡು ಸಲ ಓದಿ, ಆಗಲಿ, ಹೀಗೇ ಬರೆಸುತ್ತೇವೆ ಎಂದಳು. ಆಮೇಲೆ ನಾನೂ ಒಳಗಿನ ಕೋಣೆಯಲ್ಲಿ ಕೂತು ಪೂರ್ತಿ ಕೇಳಿದೆ. ಅದರ ಬಗ್ಗೆ ಬರೆಯಲಾರೆ.

ನಾಲ್ಕು ದಿನ ನಿನ್ನ ಮನೆಯಲ್ಲಿದ್ದೆ. ನಾವು ಆಡಿದ್ದು ಎಷ್ಟು ಕಡಿಮೆ. ಕಾಫಿಗೆ ಸಕ್ಕರೆ ಎಷ್ಟು, ಹೊದಿಕೆ ಸಾಕಾ, ಔಷಧ ತೆಗೆದುಕೊಂಡೆಯಾ. ಮೊದಲ ದಿನ ನನಗೆ ಕಾಫಿ ಕೊಟ್ಟು ನೀನು ಕೂರಲಿಲ್ಲ, ಒಲೆ ಒರೆಸಿದ್ದನ್ನೇ ಒರೆಸುತ್ತಿದ್ದೆ. ಮಾರನೆಯ ದಿನ ಗೋರಿಯ ಹತ್ತಿರ ನಾನೇನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅಮ್ಮನ ಹೆಸರಿನ ಪಕ್ಕದಲ್ಲಿ ಅಪ್ಪನ ಹೆಸರು ಕೊರೆಸಿ, ದೇಹವೇ ಸಿಗದ ಅವನಿಗಾಗಿ ಕೆಳಗೆ ಮಣ್ಣು ಖಾಲಿ ಬಿಟ್ಟಿದ್ದೀಯ, ಅದನ್ನು ನಾನು ಕಂಡಿರಲಿಲ್ಲ. ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. ನೀನು ಚೀಲದಿಂದ ಬ್ರಷ್ಷು ತೆಗೆದು ಕಲ್ಲು ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಇನ್ನೊಂದು ಬ್ರಷ್ಷು ನನ್ನ ಕಡೆ ಚಾಚಿದೆ. ನೀನು ಎರಡು ತಂದಿದ್ದೆ.

ಲೂಚೆಯಮ್ಮ ನನ್ನ ಮುಖವನ್ನೆಲ್ಲ ಕೈಯಿಂದ ತಡವಿ ನೋಡಿದಳು. ಏನಾದರೂ ಹೇಳುತ್ತಾಳೆಂದು ಕಾದೆ. ಇವಳು ತಿರಾನಾದಲ್ಲಿ ಊಟ ಸರಿಯಾಗಿ ಮಾಡುವುದಿಲ್ಲ ಎಂದು ನಿನಗೆ ದೂರು ಹೇಳಿದಳು.

ಇವನ್ನೆಲ್ಲ ನೀನೇ ಕಂಡಿದ್ದೀಯ, ಬರೆಯುವುದೇಕೆ. ಆದರೆ ಶನಿವಾರ ಸಂತೆಯಲ್ಲಿ ನಡೆದದ್ದು ನಿನಗೆ ನೆನಪೂ ಇರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸರೋವರದ ಮೀನು ಮಾರುವವನ ಹತ್ತಿರ ನೀನು ಎಂದಿನಂತೆ ಚೌಕಾಸಿ ಮಾಡುತ್ತಿದ್ದೆ. ನಾನು ಹಿಂದೆ ಚೀಲ ಹಿಡಿದು ನಿಂತಿದ್ದೆ. ಅವನು ನನ್ನನ್ನೊಮ್ಮೆ, ನಿನ್ನನ್ನೊಮ್ಮೆ ನೋಡಿ, ಯಾರಿವರು ಎಂದು ಕೇಳಿದ. ನಾನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ. ನೀನು ಕೈಯಲ್ಲಿದ್ದ ಮೀನನ್ನು ತೂಗಿ ನೋಡುತ್ತಲೇ, ನನ್ನ ಅಕ್ಕ ಎಂದೆ.

"ಇಷ್ಟ್ ವರ್ಷದಿಂದ ನನ್ ಹತ್ರ ಮೀನ್ ತಗೋತೀಯ, ನಿಂಗೊಬ್ಳು ಅಕ್ಕ ಇರೋದೇ ಗೊತ್ತಿರ್ಲಿಲ್ವಲ್ಲ" ಎಂದನವನು.

"ನಂಗೂ ಮೊನ್ನೆ ಮೊನ್ನೆ ಗೊತ್ತಾಯ್ತು" ಎಂದೆ ನೀನು. "ಇದು ಸಣ್ದು, ಇನ್ನೊಂದು ಹಾಕು. ಮೂರ್ ಜನ ಇದೀವಿ."

ನಿನ್ನ ಅಕ್ಕ,
ವಿತೋರೆ